ನಡುವೆ ಒಂದು ಗಂಟೆ ಬಿಟ್ಟರೆ ಸಾಕಾಗುವುದಿಲ್ಲ

"ಡೇಟಾಫ್ಲೋ ಬೆಳಿಗ್ಗೆ 5ಕ್ಕೆ, ಡೇಟಾಸೆಟ್ 6ಕ್ಕೆ ಇಟ್ಟಿದ್ದೀವಿ. ಒಂದು ಗಂಟೆ ಗ್ಯಾಪ್ ಇದೆ, ಸಾಕಲ್ವಾ?" ಪವರ್ ಬಿಐ (ಡೇಟಾದಿಂದ ರಿಪೋರ್ಟ್ ಮಾಡುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್) ಕೆಲಸಕ್ಕೆ ಎಲ್ಲಿಗೆ ಹೋದರೂ ಈ ಮಾತು ಬರುತ್ತದೆ. ಡೇಟಾಫ್ಲೋ ಮೂಲದಿಂದ ಡೇಟಾ ತಂದು ಸಿದ್ಧ ಮಾಡಿಡುತ್ತದೆ. ಡೇಟಾಸೆಟ್ (ಈಗಿನ ಹೆಸರು ಸೆಮ್ಯಾಂಟಿಕ್ ಮಾಡೆಲ್) ಅದನ್ನು ಓದಿಕೊಂಡು ರಿಪೋರ್ಟ್‌ಗೆ ಕೊಡುತ್ತದೆ. ಹೀಗೆ ಹೊಸ ಡೇಟಾ ತುಂಬಿಕೊಳ್ಳುವುದೇ ರಿಫ್ರೆಶ್, ಅದಕ್ಕೆ ಇಟ್ಟ ಹೊತ್ತೇ ಶೆಡ್ಯೂಲ್. ಸಾಕಾಗಲ್ಲ ಅಂದರೆ, "ಹಾಗಾದ್ರೆ ಎರಡು ಗಂಟೆ ಬಿಡೋಣ" ಅನ್ನುತ್ತಾರೆ. ಅದೂ ಸಾಕಾಗಲ್ಲ.

ಮೊದಲ ಕೆಲಸ ಮುಗಿದಿದೆಯೋ ಇಲ್ಲವೋ ಅಂತ ಎರಡನೆಯದಕ್ಕೆ ಗೊತ್ತೇ ಆಗುವುದಿಲ್ಲ. ಶೆಡ್ಯೂಲ್ ನೋಡುವುದು ಗಡಿಯಾರವನ್ನು ಮಾತ್ರ. ರಾತ್ರಿ ಇಡ್ಲಿ ಹಿಟ್ಟು ರುಬ್ಬಿಟ್ಟವರು ಬೆಳಿಗ್ಗೆ ಮುಚ್ಚಳ ತೆಗೆದು, ಉಬ್ಬಿದೆಯಾ ಅಂತ ನೋಡಿ ತಾನೇ ಇಡ್ಲಿ ಹಾಕುವುದು? ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಬಿಡುತ್ತಾರೆ. ಶೆಡ್ಯೂಲ್ ಮುಚ್ಚಳ ತೆಗೆದು ನೋಡುವುದಿಲ್ಲ. 6 ಗಂಟೆ ಆಯ್ತು, ಶುರು.

ಆ 5 ಗಂಟೆ, 6 ಗಂಟೆಯೂ ಪಕ್ಕಾ ಅಲ್ಲ. ಹೇಳಿದ ಹೊತ್ತಿನ 15 ನಿಮಿಷದೊಳಗೆ ಶುರು ಮಾಡುವುದು ಮೈಕ್ರೋಸಾಫ್ಟ್‌ನ ಗುರಿ. ಸರ್ವರ್ ಮೇಲೆ ಒತ್ತಡ ಇದ್ದರೆ ಒಂದು ಗಂಟೆವರೆಗೂ ತಡ ಆಗಬಹುದು. ಅಂದರೆ ಡೇಟಾಫ್ಲೋ ಅಷ್ಟು ತಡವಾಗಿ ಶುರುವಾದರೆ ನೀವು ಬಿಟ್ಟ ಗ್ಯಾಪ್ ಅಲ್ಲೇ ಕರಗಿಹೋಯಿತು.

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ತಿಂಗಳ ಮೊದಲ ದಿನ ಹೀಗೇ ಆಯಿತು. ಸ್ಟೋರ್ಸ್‌ನವರು ರಿಪೋರ್ಟ್ ನೋಡಿ ಸ್ಟೀಲ್ ರಾಡ್ ಕಮ್ಮಿ ಇದೆ ಅಂತ ಇನ್ನೊಂದು ಆರ್ಡರ್ ಹಾಕಲು ಹೊರಟರು. ತಡೆದಿದ್ದು ಅಕೌಂಟ್ಸ್ ಮೇಡಂ. "ನಿನ್ನೆ ಸಂಜೆ ಬಂದ ಲಾರಿದು ಇದರಲ್ಲಿ ಇಲ್ವಲ್ಲ ಸರ್?" ಅಂತ ಕೇಳಿದರು. ಅಂಥವರು ಒಬ್ಬರಿದ್ದರೆ ಕಂಪನಿಯ ಪುಣ್ಯ. ರಿಫ್ರೆಶ್ ಹಿಸ್ಟರಿ ತೆಗೆದು ನೋಡಿದೆವು. ತಿಂಗಳ ಕೊನೆಯ ಎಂಟ್ರಿಗಳು ಜಾಸ್ತಿ ಇದ್ದದ್ದರಿಂದ ಡೇಟಾಫ್ಲೋ ಮುಗಿದದ್ದು 6:20ಕ್ಕೆ. ಡೇಟಾಸೆಟ್ 6:04ಕ್ಕೇ ಮುಗಿದು, ಪಕ್ಕದಲ್ಲಿ 'ಕಂಪ್ಲೀಟೆಡ್' ಅಂತ ತೋರಿಸುತ್ತಿತ್ತು.

ಆ 'ಕಂಪ್ಲೀಟೆಡ್' ಸುಳ್ಳಲ್ಲ. ಡೇಟಾಫ್ಲೋದಲ್ಲಿ ಆಗ ಇದ್ದದ್ದನ್ನು ಅದು ಸರಿಯಾಗಿಯೇ ಓದಿದೆ. ಇದ್ದದ್ದು ಹಿಂದಿನ ದಿನದ್ದು. ರಿಫ್ರೆಶ್ ಫೇಲ್ ಆದರೆ ಮೇಲ್ ಬರುತ್ತದೆ, ಯಾರಾದರೂ ನೋಡುತ್ತಾರೆ. ಇಲ್ಲಿ ಯಾವ ಮೇಲೂ ಬರುವುದಿಲ್ಲ, ಅದಕ್ಕೇ ನನಗೆ ಇದರ ಬಗ್ಗೆ ಭಯ ಜಾಸ್ತಿ. ರಿಪೋರ್ಟ್ ಮೂಲೆಯಲ್ಲಿ ರಿಫ್ರೆಶ್ ಆದ ಹೊತ್ತು ಹಾಕಿ ಸುಮ್ಮನಾಗಬೇಡಿ. ಡೇಟಾದೊಳಗಿನ ಕೊನೆಯ ಎಂಟ್ರಿಯ ತಾರೀಖನ್ನೂ ಹಾಕಿ.

ದಾರಿ ಕಷ್ಟದ್ದಲ್ಲ. ಪವರ್ ಆಟೋಮೇಟ್‌ನಲ್ಲಿ (ಒಂದರ ಹಿಂದೆ ಒಂದು ಕೆಲಸ ತಾನಾಗಿ ನಡೆಯುವಂತೆ ಮಾಡುವ ಮೈಕ್ರೋಸಾಫ್ಟ್ ಟೂಲ್) ಡೇಟಾಫ್ಲೋ ರಿಫ್ರೆಶ್ ಮುಗಿದಾಗ ಶುರುವಾಗುವ ಟ್ರಿಗರ್ ಇದೆ. ಅದರ ಕೆಳಗೆ ಡೇಟಾಸೆಟ್ ರಿಫ್ರೆಶ್ ಮಾಡುವ ಹೆಜ್ಜೆ ಹಾಕಿ. ಆದರೆ ನಡುವೆ ಒಂದು ಕಂಡಿಷನ್ ಬೇಕೇ ಬೇಕು: ಸ್ಟೇಟಸ್ 'ಸಕ್ಸೆಸ್' ಆಗಿದ್ದರೆ ಮಾತ್ರ ಮುಂದೆ ಹೋಗಲಿ. ಫೇಲ್ ಆಗಿ ನಿಂತರೂ ಟ್ರಿಗರ್ ಪಾಲಿಗೆ ಅದು ಮುಗಿದ ಹಾಗೇ. ಇದನ್ನು ಬಿಟ್ಟವರೇ ಜಾಸ್ತಿ. ಡೇಟಾಸೆಟ್ ಹೆಜ್ಜೆಯೂ ರಿಫ್ರೆಶ್ ಶುರು ಮಾಡುತ್ತದೆ ಅಷ್ಟೇ, ಮುಗಿಯುವವರೆಗೆ ಕಾಯುವುದಿಲ್ಲ. ಅದರ ಹಿಂದೆಯೇ "ರಿಪೋರ್ಟ್ ರೆಡಿ" ಅಂತ ಮೇಲ್ ಕಳಿಸುವ ಹೆಜ್ಜೆ ಇಟ್ಟರೆ ಅದೇ ತಪ್ಪು ಇನ್ನೊಂದು ಕಡೆ ಬಂದು ಕೂರುತ್ತದೆ.

ಎರಡು ಮೂರು ಡೇಟಾಫ್ಲೋ ಒಂದೇ ಡೇಟಾಸೆಟ್‌ಗೆ ಬರುತ್ತಿದ್ದರೆ ಲೆಕ್ಕ ಬೇರೆ. ಯಾವುದು ಮೊದಲು ಮುಗಿದರೂ ಉಳಿದದ್ದು ಮುಗಿದಿದೆಯಾ ಅಂತ ನೋಡಬೇಕು. ಅದನ್ನು ಹೇಗೆ ಕಟ್ಟಬೇಕು ಅನ್ನುವುದು ನಿಮ್ಮ ಸೆಟಪ್ ನೋಡದೆ ಹೇಳುವ ಮಾತಲ್ಲ. ಇನ್ನು, ಪವರ್ ಆಟೋಮೇಟ್‌ನ ಈ ಫ್ಲೋ ಸರಿಯಾಗಿ ಓಡುತ್ತಿದೆ ಅಂತ ಖಾತ್ರಿಯಾದ ಮೇಲೆ ಡೇಟಾಸೆಟ್‌ನ ಹಳೆಯ 6 ಗಂಟೆ ಶೆಡ್ಯೂಲ್ ತೆಗೆದುಬಿಡಿ. ಇರಲಿ ಬಿಡಿ ಅನ್ನಬೇಡಿ. ಪ್ರೋ ಲೈಸೆನ್ಸ್‌ನಲ್ಲಿ ದಿನಕ್ಕೆ ಸಿಗುವ 8 ರಿಫ್ರೆಶ್‌ನಲ್ಲಿ ಅದೂ ಒಂದನ್ನು ತಿನ್ನುತ್ತದೆ.