ಹೊಳೆ ದಂಡೆಗೊಂದು ಸರ್ಕಾರಿ ಕಾರ್ಯಕ್ರಮ: ಸ್ಯಾಕ್ರಮೆಂಟೊ ಪಾಠದ ಟಿಪ್ಪಣಿ

ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಹೊಳೆ ದಂಡೆ ಕಾಪಾಡಲು 2016ರಲ್ಲಿ ಹುಟ್ಟಿದ ಸರ್ಕಾರಿ ಕಾರ್ಯಕ್ರಮದ ಬಗ್ಗೆ ಈ ಪಾಠ. ಇದರಲ್ಲಿ ನಾನು ಮೊದಲು ಎಡವಿದ್ದು 'ಪಾರ್ಕ್‌ವೇ' ಎಂಬ ಪದಕ್ಕೇ. ನ್ಯೂಯಾರ್ಕ್ ಕಡೆ ಪಾರ್ಕ್‌ವೇ ಅಂದರೆ ಇಬ್ಬದಿ ಮರಗಳಿರುವ ಕಾರು ರಸ್ತೆ. ಇಲ್ಲಿ ಹಾಗಲ್ಲ. ಊರಿನ ನಡುವೆ ಹರಿಯುವ ಹೊಳೆ, ಅದರ ಎರಡೂ ದಂಡೆಯ ಕಾಡು, ಹುಲ್ಲು, ಮರಳು ದಿಬ್ಬ, ನಡೆಯುವ ದಾರಿ, ಇಷ್ಟೂ ಸೇರಿದ ಉದ್ದನೆಯ ಹಸಿರು ಪಟ್ಟಿಗೆ ಇಲ್ಲಿ ಪಾರ್ಕ್‌ವೇ ಎನ್ನುತ್ತಾರೆ. ಇದನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ಅರ್ಧ ಪಾಠ ಗೊಂದಲ.

ನಾನು ತೆಗೆದುಕೊಂಡ ಉದಾಹರಣೆ ಕ್ಯಾಲಿಫೋರ್ನಿಯಾದ ರಾಜಧಾನಿ ಸ್ಯಾಕ್ರಮೆಂಟೊದ್ದು. ಹೊಳೆಯ ಹೆಸರೇ ಅಮೆರಿಕನ್ ನದಿ. 1848ರಲ್ಲಿ ಕೊಲೋಮಾ ಎಂಬಲ್ಲಿ ಚಿನ್ನ ಸಿಕ್ಕಿ ಜಗತ್ತೆಲ್ಲ ಅತ್ತ ಓಡಿತಲ್ಲ, ಅದು ಈ ನದಿಯ ದಕ್ಷಿಣ ಕವಲಿನಲ್ಲೇ. ಚಿನ್ನಕ್ಕಾಗಿ ಅಗೆದು ರಾಶಿ ಹಾಕಿದ ಕಲ್ಲುಗುಡ್ಡೆಗಳು ಪಾರ್ಕ್‌ವೇಯ ಮೇಲ್ಭಾಗದಲ್ಲಿ ಇವತ್ತಿಗೂ ಬಿದ್ದಿವೆ. ಅದಕ್ಕೂ ಬಹಳ ಹಿಂದಿನಿಂದ ಈ ದಂಡೆ ನಿಸೆನಾನ್ ಎಂಬ ಮೂಲನಿವಾಸಿ ಜನರ ನೆಲ.

ಫಾಲ್ಸಮ್ ಅಣೆಕಟ್ಟು ಮೇಲಿದೆ. ಅದರ ಕೆಳಗೆ ನಿಂಬಸ್ ಎಂಬ ಚಿಕ್ಕ ಅಣೆಕಟ್ಟು. ಎರಡೂ 1950ರ ದಶಕದವು. ಫಾಲ್ಸಮ್ ಜಲಾಶಯದಲ್ಲಿ ಸುಮಾರು 42 ಟಿಎಂಸಿ ನೀರು ಹಿಡಿಯುತ್ತದೆ. ನಮ್ಮ ಕೆಆರ್‌ಎಸ್ 49 ಟಿಎಂಸಿ ಚಿಲ್ಲರೆ, ಹಾಗಾಗಿ ಅದಕ್ಕಿಂತ ಸ್ವಲ್ಪ ಸಣ್ಣದು ಎಂದು ಅಂದಾಜು ಮಾಡಿಕೊಳ್ಳಿ. ನಿಂಬಸ್‌ನಿಂದ ಸ್ಯಾಕ್ರಮೆಂಟೊ ನದಿಯ ಸಂಗಮದವರೆಗಿನ 23 ಮೈಲಿ, ಅಂದರೆ ಸುಮಾರು 37 ಕಿಲೋಮೀಟರ್, ನಮ್ಮ ಪಾಠದ ಜಾಗ.

ಮೊದಲು ಜಮೀನು

ಅಣೆಕಟ್ಟು ಬಂದ ಮೇಲೆ ನೆರೆಯ ಭಯ ಕಮ್ಮಿಯಾಯಿತು. ಭಯ ಕಮ್ಮಿಯಾದ ಕೂಡಲೇ ದಂಡೆಗೆ ಮನೆಗಳು ಬರತೊಡಗಿದವು. ಆಗ ಊರಿನವರು ಎದ್ದರು. 1961ರಲ್ಲಿ 'ಸೇವ್ ದಿ ಅಮೆರಿಕನ್ ರಿವರ್ ಅಸೋಸಿಯೇಷನ್' ಹುಟ್ಟಿತು. ಎಫಿ ಯಾ ಎಂಬ ಶಾಲಾ ಟೀಚರ್ ಮಕ್ಕಳನ್ನು ಕರೆದುಕೊಂಡು ಹೊಳೆ ಪಕ್ಕದ ಕಾಡು ಸುತ್ತಿಸುತ್ತಿದ್ದರು. ಅವರ ಹೆಸರಿನ ಪ್ರಕೃತಿ ಕೇಂದ್ರ ಈಗ ಅಲ್ಲೇ ಇದೆ. 1962ರಲ್ಲಿ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಪಾರ್ಕ್‌ವೇ ಯೋಜನೆಯನ್ನು ಒಪ್ಪಿತು, ಜಮೀನು ತುಂಡು ತುಂಡಾಗಿ ಕೊಳ್ಳುತ್ತಾ ಹೋಯಿತು.

ಆಮೇಲಿನ ಕಾನೂನುಗಳನ್ನು ಪದರ ಪದರವಾಗಿ ನೆನಪಿಡುವುದು ಸುಲಭ. 1972ರಲ್ಲಿ ರಾಜ್ಯವೂ 1981ರಲ್ಲಿ ಕೇಂದ್ರವೂ ಈ ಭಾಗವನ್ನು ಕಾಪಾಡಬೇಕಾದ ನದಿಗಳ ಪಟ್ಟಿಗೆ ಸೇರಿಸಿದವು. 1985ರಲ್ಲಿ ರಾಜ್ಯ ಶಾಸನಸಭೆ ಪಾರ್ಕ್‌ವೇ ಯೋಜನೆಗೇ ಕಾಯ್ದೆಯ ಬಲ ಕೊಟ್ಟಿತು. ಇದು ಸಣ್ಣ ವಿಷಯವಲ್ಲ. ಕೌಂಟಿಯ ಕಾಗದ ಕೌಂಟಿಯನ್ನು ಮಾತ್ರ ಕಟ್ಟಿಹಾಕುತ್ತದೆ. ಶಾಸನಸಭೆ ಒಪ್ಪಿದರೆ ರಾಜ್ಯದ ಇಲಾಖೆಗಳೂ ಆ ಯೋಜನೆಗೆ ತಕ್ಕಂತೆ ನಡೆಯಬೇಕು. ಈಗ ನಡೆಯುತ್ತಿರುವುದು 2008ರ ಪರಿಷ್ಕೃತ ಯೋಜನೆ. ಯಾವ ಜಾಗ ಆಟಕ್ಕೆ, ಯಾವುದು ಬರೀ ನೋಡಿ ಕಲಿಯಲು, ಯಾವುದನ್ನು ಮುಟ್ಟಲೇಬಾರದು ಎಂದು ಅದು ನಕ್ಷೆಯಲ್ಲೇ ಗುರುತು ಮಾಡಿದೆ.

ಜಮೀನು ಉಳಿಯಿತು, ನೀರು?

ನನಗೆ ಈ ಪಾಠದಲ್ಲಿ ಜಾಸ್ತಿ ಇಷ್ಟವಾದ ಭಾಗ ಇದು. ದಂಡೆಯ ಜಮೀನು ಪೂರ್ತಿ ನಿಮ್ಮದೇ ಇರಲಿ, ಮೇಲಿನಿಂದ ಯಾರೋ ನೀರು ತಿರುಗಿಸಿಕೊಂಡರೆ ಉಳಿಯುವುದು ಒಣ ಕಲ್ಲು ಅಲ್ವಾ?

ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯ ನೀರು ಸರಬರಾಜು ಸಂಸ್ಥೆ, 'ಈಸ್ಟ್ ಬೇ ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್', ನಿಂಬಸ್ ಹತ್ತಿರವೇ ಕಾಲುವೆಯಲ್ಲಿ ನೀರು ಒಯ್ಯಲು ಒಪ್ಪಂದ ಮಾಡಿಕೊಂಡಿತ್ತು. ಅಲ್ಲಿ ತೆಗೆದರೆ ಆ ನೀರು ಪಾರ್ಕ್‌ವೇಗೆ ಇಳಿಯುವುದೇ ಇಲ್ಲ. 1972ರಲ್ಲಿ ಪರಿಸರ ಸಂಘಟನೆಗಳು ಕೋರ್ಟಿಗೆ ಹೋದವು. ತೀರ್ಪು ಬಂದದ್ದು 1990ರಲ್ಲಿ, ಹದಿನೆಂಟು ವರ್ಷ ಆದ ಮೇಲೆ! ನ್ಯಾಯಾಧೀಶ ರಿಚರ್ಡ್ ಹಾಜ್ ಹೇಳಿದ್ದಿಷ್ಟು: ನೀರು ಒಯ್ಯುವ ಹಕ್ಕು ನಿಮಗಿದೆ, ಆದರೆ ಹೊಳೆಯಲ್ಲಿ ಇಂತಿಷ್ಟು ಹರಿವು ಇದ್ದಾಗ ಮಾತ್ರ. ಅಕ್ಟೋಬರ್ ಮಧ್ಯದಿಂದ ಫೆಬ್ರವರಿವರೆಗೆ 2,000 ಕ್ಯೂಸೆಕ್, ಮಾರ್ಚ್‌ನಿಂದ ಜೂನ್‌ವರೆಗೆ 3,000, ಉಳಿದ ಬೇಸಿಗೆಯಲ್ಲಿ 1,750. ಕಾವೇರಿ ಸುದ್ದಿ ಓದಿ ಬೆಳೆದ ನಮಗೆ ಕ್ಯೂಸೆಕ್ ಲೆಕ್ಕ ಹೊಸದಲ್ಲ. ಆದರೆ ಈ ಕ್ಯೂಸೆಕ್ ಯಾವ ರಾಜ್ಯಕ್ಕೂ ಅಲ್ಲ, ಯಾವ ಗದ್ದೆಗೂ ಅಲ್ಲ. ಮೀನಿಗೆ, ದಂಡೆಗೆ, ದೋಣಿ ಬಿಡುವವರಿಗೆ.

ಕೊನೆಗೆ ಆದ ಪರಿಹಾರ ಇನ್ನೂ ಚೆಂದ. ನೀರು ತೆಗೆಯುವ ಜಾಗವನ್ನೇ ಕೆಳಕ್ಕೆ ಸರಿಸಿದರು. ಸಂಗಮ ದಾಟಿದ ಮೇಲೆ, ಸ್ಯಾಕ್ರಮೆಂಟೊ ನದಿಯ ಫ್ರೀಪೋರ್ಟ್‌ನಲ್ಲಿ ಪಂಪ್ ಕೂತಿತು. ನೀರು ಮೊದಲು ಪಾರ್ಕ್‌ವೇಯಲ್ಲಿ ಪೂರ್ತಿ ಹರಿಯುತ್ತದೆ, ಆಮೇಲೆ ನಲ್ಲಿಗೆ ಹೋಗುತ್ತದೆ.

2016ರ ಕಾರ್ಯಕ್ರಮ ಅಂದರೆ ಏನು

ಈಗ ಮುಖ್ಯ ವಿಷಯ. ಆಗ ಶಾಸನಸಭೆಯ ಸದಸ್ಯರಾಗಿದ್ದ ಕೆವಿನ್ ಮೆಕಾರ್ಟಿ ತಂದ ಮಸೂದೆ 2016ರಲ್ಲಿ ಕಾಯ್ದೆಯಾಯಿತು. ಅದರಿಂದ ಹುಟ್ಟಿದ್ದು 'ಲೋವರ್ ಅಮೆರಿಕನ್ ರಿವರ್ ಕನ್ಸರ್ವೆನ್ಸಿ ಪ್ರೋಗ್ರಾಂ', ಅಂದರೆ ಅಮೆರಿಕನ್ ನದಿಯ ಕೆಳಭಾಗವನ್ನು ಕಾಪಾಡುವ ಕಾರ್ಯಕ್ರಮ.

ಕೊನೆಯ ಪದ ನೋಡಿ. ಬರೀ ಕನ್ಸರ್ವೆನ್ಸಿ ಬೇರೆ, ಕನ್ಸರ್ವೆನ್ಸಿ ಪ್ರೋಗ್ರಾಂ ಬೇರೆ. ಫ್ರೆಸ್ನೊ ಪಕ್ಕದ ಸ್ಯಾನ್ ವಾಕೀನ್ ನದಿಗೆ 1992ರ ಕಾಯ್ದೆಯಿಂದ ಒಂದು ಕನ್ಸರ್ವೆನ್ಸಿ ಆಯಿತು. ಅದು ತನ್ನದೇ ಮಂಡಳಿ ಇರುವ ರಾಜ್ಯದ ಸಂಸ್ಥೆ. ಸ್ಯಾಕ್ರಮೆಂಟೊದಲ್ಲಿ ಹೊಸ ಸಂಸ್ಥೆ ಕಟ್ಟಲಿಲ್ಲ. 1947ರಿಂದ ಇರುವ 'ವೈಲ್ಡ್‌ಲೈಫ್ ಕನ್ಸರ್ವೇಷನ್ ಬೋರ್ಡ್' ಎಂಬ ಮಂಡಳಿಗೆ ಈ ಕೆಲಸವನ್ನೂ ವಹಿಸಿದರು. ಒಂದು ನಿಧಿ, ಒಂದು ಸಲಹಾ ಸಮಿತಿ, ಅನುದಾನ ಕೊಡುವ ಅಧಿಕಾರ. ಅಷ್ಟೇ.

ಸುಮ್ನೆ ಹೆಸರಿಗೆ ಮಾಡಿದ್ದು ಅನಿಸಬಹುದು. ನನಗೂ ಮೊದಲು ಹಾಗೇ ಅನಿಸಿತು. ಆದರೆ ಕ್ಯಾಲಿಫೋರ್ನಿಯಾದಲ್ಲಿ ಪರಿಸರಕ್ಕೆ ದೊಡ್ಡ ದುಡ್ಡು ಬರುವುದು ಬಾಂಡ್‌ನಿಂದ, ಅಂದರೆ ಜನ ಮತ ಹಾಕಿ ಒಪ್ಪಿದ ಸಾಲದಿಂದ. ಬಾಂಡ್ ಬರೆಯುವಾಗ ಇಂಥ ನದಿಗೆ ಇಷ್ಟು ಎಂದು ಹಂಚುತ್ತಾರೆ. ಹಂಚುವಾಗ ನಿಮ್ಮ ಹೊಳೆಯ ಹೆಸರಿನಲ್ಲಿ ಒಂದು ಖಾತೆ ಇಲ್ಲದಿದ್ದರೆ ದುಡ್ಡು ಎಲ್ಲಿಗೆ ಹಾಕುವುದು? ಬ್ಯಾಂಕಿನಲ್ಲಿ ಖಾತೆ ಇಲ್ಲದವನಿಗೆ ಸಬ್ಸಿಡಿ ಬಂದ ಹಾಗೆ. 2018ರ ಜೂನ್‌ನಲ್ಲಿ ಜನ ಒಪ್ಪಿದ 'ಪ್ರಪೊಸಿಷನ್ 68' ಸುಮಾರು 400 ಕೋಟಿ ಡಾಲರಿನ ಬಾಂಡ್. ಅದರಲ್ಲಿ ಈ ಕಾರ್ಯಕ್ರಮಕ್ಕೆ 1 ಕೋಟಿ ಡಾಲರ್ ಸಿಕ್ಕಿತು. ನಾನೂರರಲ್ಲಿ ಒಂದು ಪಾಲು. ಖಾತೆ ತೆರೆದದ್ದು ಎರಡು ವರ್ಷದಲ್ಲೇ ಉಪಯೋಗಕ್ಕೆ ಬಂತು.

ಹೊಸ ಸಂಸ್ಥೆ ಮಾಡದಿದ್ದದ್ದು ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ. ಕೌಂಟಿ ಐವತ್ತು ವರ್ಷದಿಂದ ನೋಡಿಕೊಂಡ ಜಾಗ ಅದು. ಮೇಲೆ ಇನ್ನೊಬ್ಬ ಯಜಮಾನ ಬಂದರೆ ಜಗಳ ಖಂಡಿತ. ಈಗಿನ ವ್ಯವಸ್ಥೆಯಲ್ಲಿ ಜಾಗ ನೋಡಿಕೊಳ್ಳುವವರು ಕೌಂಟಿಯವರು, ದುಡ್ಡು ಕೊಡುವವರು ರಾಜ್ಯದವರು, ಕೆಲಸ ಮಾತ್ರ ಪಾರ್ಕ್‌ವೇ ಯೋಜನೆಗೆ ಹೊಂದಬೇಕು. ಹಳೆಯ ಪದರಗಳು ಇಲ್ಲದಿದ್ದರೆ ಇದು ನಡೆಯುತ್ತಿರಲಿಲ್ಲ.

ತೊಡಕು ಇರುವುದು ಬೇರೆ ಕಡೆ. ಬಾಂಡ್ ದುಡ್ಡು ಒಂದು ಸಲದ ಕೆಲಸಕ್ಕೆ: ಜಮೀನು ಕೊಳ್ಳಲು, ಗಿಡ ನೆಡಲು, ದಾರಿ ಹಾಕಲು. ಕಾವಲುಗಾರನ ಸಂಬಳ, ಕಸ ಎತ್ತುವುದು ಅದರಲ್ಲಿ ಬರುವುದಿಲ್ಲ. ಅದನ್ನು ಕೌಂಟಿ ತನ್ನ ಬಜೆಟ್‌ನಿಂದಲೇ ನೋಡಿಕೊಳ್ಳಬೇಕು. ಆರ್ಥಿಕ ಹಿಂಜರಿತ ಬಂದಾಗ ಮೊದಲು ಕತ್ತರಿ ಬೀಳುವುದು ಉದ್ಯಾನಕ್ಕೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಸ್ವಯಂಸೇವಕರು ದಂಡೆಯ ಕಸ ಬಾಚುತ್ತಾರೆ, ಆದರೆ ಕಸ ವರ್ಷವಿಡೀ ಬೀಳುತ್ತದಲ್ಲ. ಮನೆ ಇಲ್ಲದವರು ಪೊದೆಗಳ ನಡುವೆ ಟೆಂಟು ಹಾಕಿ ಬದುಕುತ್ತಿದ್ದಾರೆ. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಬೀಳುತ್ತದೆ. ಟೆಂಟಿನಲ್ಲಿರುವವರನ್ನು ಎಬ್ಬಿಸಿ ಕಳಿಸುವುದಾದರೂ ಎಲ್ಲಿಗೆ? ನದಿ ಕಾರ್ಯಕ್ರಮದೊಳಗೆ ಇದಕ್ಕೆ ಉತ್ತರವಿಲ್ಲ, ಅದು ಮನೆ ಬಾಡಿಗೆಯ ಪ್ರಶ್ನೆ.

ನೆರೆಯದೂ ಒಂದು ಮಾತು. ಪಾರ್ಕ್‌ವೇಯ ಕೆಳಭಾಗ ಎರಡು ಒಡ್ಡುಗಳ ನಡುವೆ ಇದೆ, ಅಂದರೆ ಅದು ನೆರೆ ನೀರಿನ ದಾರಿಯೂ ಹೌದು. ಸಂಗಮದ ಡಿಸ್ಕವರಿ ಪಾರ್ಕ್ ಮಳೆ ಜೋರಾದ ಚಳಿಗಾಲದಲ್ಲಿ ಮುಳುಗುತ್ತದೆ. ಮುಳುಗಬೇಕಾದ್ದೇ. 1986ರ ಫೆಬ್ರವರಿಯಲ್ಲಿ ಒಡ್ಡುಗಳು ತಾಳಬೇಕಿದ್ದದ್ದು 1,15,000 ಕ್ಯೂಸೆಕ್, ಅಣೆಕಟ್ಟಿನಿಂದ ಬಿಟ್ಟದ್ದು 1,34,000. ಊರು ಕೂದಲೆಳೆಯಲ್ಲಿ ಉಳಿಯಿತು. ಆಮೇಲೆ ಒಡ್ಡು ಗಟ್ಟಿ ಮಾಡಲು ಹೊರಟವರಿಗೂ ದಂಡೆಯ ಮರ ಉಳಿಸುವವರಿಗೂ ಎಳೆದಾಟ ಶುರು. ಒಡ್ಡಿಗೆ ಕಲ್ಲು ಹೊದಿಸಿದರೆ ಊರು ಭದ್ರ, ಆದರೆ ನೆರಳು ಕೊಡುವ ಮರ ಹೋಗುತ್ತದೆ. ಮರ ಹೋದರೆ ಮೀನಿಗೆ ತಂಪಿಲ್ಲ.

ದುಡ್ಡು ಎಂಥ ಕೆಲಸಕ್ಕೆ ಬೇಕು

ಎರಡು ಉದಾಹರಣೆ ಸಾಕು. ಒಂದು, ಕೆಂಪು ಸೆಸ್ಬೇನಿಯಾ ಎಂಬ ಗಿಡ. ನಮ್ಮ ಹಿತ್ತಲಿನ ಅಗಸೆ ಮರದ ದಾಯಾದಿ, ಹೂವೂ ಚೆಂದ. ದಕ್ಷಿಣ ಅಮೆರಿಕದಿಂದ ತೋಟಕ್ಕೆ ಬಂದದ್ದು ಹೊಳೆಗೆ ಇಳಿದು ದಂಡೆಯನ್ನೇ ಮುತ್ತಿತು. ಬೀಜ ನೀರಲ್ಲಿ ತೇಲಿಕೊಂಡು ಹೋಗುತ್ತದೆ. ಹಾಗಾಗಿ ಕೀಳುವುದನ್ನು ಮೇಲಿನಿಂದ ಶುರು ಮಾಡಬೇಕು, ಕೆಳಗಿನಿಂದ ಶುರು ಮಾಡಿದವರ ಕೆಲಸ ಮುಂದಿನ ವರ್ಷಕ್ಕೆ ಶೂನ್ಯ.

ಇನ್ನೊಂದು, ಜಲ್ಲಿ. ಸಾಲ್ಮನ್ ಮೀನು ಸಮುದ್ರದಿಂದ ಹತ್ತಿ ಬಂದು ಹೊಳೆಯ ತಳದ ಜಲ್ಲಿಯಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತದೆ. ಮೊದಲು ಬೆಟ್ಟದಿಂದ ಜಲ್ಲಿ ತಾನಾಗಿ ಉರುಳಿ ಬರುತ್ತಿತ್ತು. ಈಗ ಅಣೆಕಟ್ಟು ಅದನ್ನು ತಡೆದಿದೆ. ಇರುವ ಜಲ್ಲಿಯನ್ನು ನೀರು ಕೆಳಕ್ಕೆ ಒಯ್ಯುತ್ತದೆ, ತಳದಲ್ಲಿ ಮೀನು ತೋಡಲಾಗದ ದೊಡ್ಡ ಗುಂಡುಕಲ್ಲು ಉಳಿಯುತ್ತದೆ. ಅದಕ್ಕೆ 2008ರಿಂದ ನಿಂಬಸ್ ಕೆಳಗೆ ಯಂತ್ರ ಇಳಿಸಿ, ಗಾತ್ರ ನೋಡಿ ಸೋಸಿದ ಜಲ್ಲಿಯನ್ನು ಹೊಳೆಗೆ ಸುರಿಯುತ್ತಿದ್ದಾರೆ. ಎಷ್ಟೋ ಕಡೆ ಅದು ಚಿನ್ನದ ಕಾಲದವರು ರಾಶಿ ಹಾಕಿ ಹೋದ ಕಲ್ಲುಗುಡ್ಡೆಯದ್ದೇ. ಸುರಿದ ಜಾಗಕ್ಕೆ ಮೀನು ಬರುತ್ತದೆ. ದೊಡ್ಡ ನೀರು ಬಿಟ್ಟ ವರ್ಷ ಜಲ್ಲಿ ಮತ್ತೆ ಕೊಚ್ಚಿ ಹೋಗುತ್ತದೆ, ಮತ್ತೆ ಸುರಿಯಬೇಕು.