ಎಡಗಡೆ ಸೊನ್ನೆಯ ಬೆಲೆ

ಅಂಕಿಯ ಎಡಕ್ಕೆ ಎಷ್ಟು ಸೊನ್ನೆ ಹಾಕಿದರೂ ಬೆಲೆ ಬದಲಾಗುವುದಿಲ್ಲ ಅಂತ ಶಾಲೆಯಲ್ಲಿ ಕಲಿತಿದ್ದೇವೆ. ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶದ ತಿರುಳಿಗೆ ಕರ್ನಲ್ ಅನ್ನುತ್ತಾರೆ. ಅದನ್ನು ಬರೆಯುವವರೂ ಈ ಪಾಠ ಕಲಿತವರೇ. ಆದರೂ ಕರ್ನಲ್ ಎಡವಿ ಬಿದ್ದಾಗ ಬರೀ 8 ಅನ್ನುವುದನ್ನು 0000000000000008 ಅಂತ ಹದಿನೈದು ಸೊನ್ನೆ ಹಚ್ಚಿ ತೋರಿಸುತ್ತದೆ.

ಬೀಳುವಾಗ ಕರ್ನಲ್ ಬರೆದಿಡುವ ಈ ವರದಿಯ ಹೆಸರೇ ‘ಊಪ್ಸ್’. ತಮಾಷೆ ಅಲ್ಲ, ನಿಜಕ್ಕೂ ಅದೇ ಹೆಸರು. ಯಾವ ಫಂಕ್ಷನ್‌ನಲ್ಲಿ, ಅಂದರೆ ಕೋಡ್‌ನ ಯಾವ ತುಣುಕಿನಲ್ಲಿ ಬಿದ್ದೆ, ಅಲ್ಲಿಗೆ ಯಾವ ದಾರಿಯಲ್ಲಿ ಬಂದೆ, ಆಗ ರಿಜಿಸ್ಟರ್‌ಗಳಲ್ಲಿ ಏನಿತ್ತು ಅನ್ನುವುದೆಲ್ಲ ಅದರಲ್ಲಿರುತ್ತದೆ. ರಿಜಿಸ್ಟರ್ ಅಂದರೆ ಪ್ರೊಸೆಸರ್ ಕೆಲಸದ ನಡುವೆ ಒಂದು ಸಂಖ್ಯೆಯನ್ನು ಕೈಯಲ್ಲೇ ಹಿಡಿದುಕೊಳ್ಳುವ ಪುಟ್ಟ ಜಾಗ. ಈಗಿನ ಯಂತ್ರಗಳಲ್ಲಿ ಅದು 64 ಬಿಟ್ ಅಗಲ, ಅಂದರೆ 0 ಅಥವಾ 1 ಕೂರುವ 64 ಮನೆ. ಹೆಕ್ಸಾಡೆಸಿಮಲ್‌ನಲ್ಲಿ, ಅಂದರೆ 0ಯಿಂದ 9 ಮತ್ತು ಎ ಯಿಂದ ಎಫ್ ಬಳಸುವ ಬರಹದಲ್ಲಿ, ಒಂದು ಗುರುತಿಗೆ 4 ಬಿಟ್. ಹಾಗಾಗಿ 64 ಬಿಟ್‌ಗೆ 16 ಗುರುತು.

ನಮಗೆಲ್ಲ ರೂಢಿಯಿರುವ ದಶಮಾನದಲ್ಲೇ ಬರೆಯಬಹುದಿತ್ತಲ್ವಾ? ಬರೆದು ನೋಡೋಣ. ‘ಕೊಟ್ಟ ಮಾಹಿತಿ ಸರಿಯಿಲ್ಲ’ ಅನ್ನಲು ಕರ್ನಲ್ ಒಳಗೆ -22 ಬಳಸುತ್ತಾರೆ. ರಿಜಿಸ್ಟರ್‌ನಲ್ಲಿ ಋಣ ಚಿಹ್ನೆ ಬರೆಯಲು ಬೇರೆ ಜಾಗವಿಲ್ಲ, ಅಲ್ಲಿ ಕೂತ ಮೇಲೆ ಅದು ದಶಮಾನದಲ್ಲಿ 18446744073709551594. ಇದನ್ನು ನೋಡಿ ಯಾರಿಗೆ ಏನು ತಿಳಿಯಬೇಕು? ಹೆಕ್ಸ್‌ನಲ್ಲಾದರೆ ಹದಿನಾಲ್ಕು ಎಫ್, ಕೊನೆಗೆ ಇ ಮತ್ತು ಎ. ಎಫ್‌ಗಳ ಸಾಲು ಕಂಡ ಕೂಡಲೇ ‘ಓ, ಇದು ಸಣ್ಣ ಋಣ ಸಂಖ್ಯೆ’ ಅಂತ ಕಣ್ಣೇ ಹೇಳಿಬಿಡುತ್ತದೆ.

ಊಪ್ಸ್ ಓದಿ ಪಳಗಿದವರು ಈ ಸಂಖ್ಯೆಗಳನ್ನು ಒಂದೊಂದೇ ಓದುವುದಿಲ್ಲ, ಆಕಾರ ನೋಡುತ್ತಾರೆ. ಸೊನ್ನೆಗಳೇ ತುಂಬಿ ಕೊನೆಗೆ 8 ಇದ್ದು, ಅದೇ ವಿಳಾಸಕ್ಕೆ ಕರ್ನಲ್ ಕೈಹಾಕಿ ಬಿದ್ದಿದ್ದರೆ, ಖಾಲಿ ಪಾಯಿಂಟರ್ (ಮೆಮೊರಿಯ ವಿಳಾಸ ಇಟ್ಟುಕೊಳ್ಳುವ ಸಂಖ್ಯೆ, ಇಲ್ಲಿ ಬರೀ ಸೊನ್ನೆ) ಹಿಡಿದು ಅದರಿಂದ 8 ಬೈಟ್ ಆಚೆಗಿನ ವಸ್ತು ಕೇಳಿರಬೇಕು. 6ಬಿ6ಬಿ6ಬಿ ಅಂತ ಸಾಲಾಗಿ ಬಂದರೆ, ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿದ್ದಾರೆ. ತಪ್ಪು ಹಿಡಿಯುವ ಸೌಲಭ್ಯ ಹಾಕಿಕೊಂಡಿದ್ದರೆ ಕರ್ನಲ್ ಖಾಲಿ ಜಾಗಕ್ಕೆ ಬೇಕಂತಲೇ ಈ ‘ವಿಷ’ ತುಂಬುತ್ತದೆ. ಪಟ್ಟಿಯಿಂದ ಕಿತ್ತ ಕೊಂಡಿಯ ಬೆಲೆ ಇನ್ನೂ ನೇರ. ಇಂಟೆಲ್, ಎಎಮ್‌ಡಿಯ 64 ಬಿಟ್ ಯಂತ್ರಗಳಲ್ಲಿ ಅದು ಡಿ-ಇ-ಎ-ಡಿ ಅಂತ ಶುರುವಾಗುತ್ತದೆ. ಇಂಗ್ಲಿಷಿನಲ್ಲಿ ಓದಿಕೊಳ್ಳಿ, ಸತ್ತಿದೆ ಅಂತ!

ಇಷ್ಟಕ್ಕೂ ಆಕಾರ ಕಾಣಬೇಕಾದರೆ ಎಲ್ಲವೂ ಒಂದೇ ಅಗಲ ಇರಬೇಕು. ಎಡಗಡೆ ಸೊನ್ನೆ ಬಿಟ್ಟರೆ ಸಾಲು ಸೊಟ್ಟ ಆಗುತ್ತದೆ. ಕೊನೆಯ ಅಂಕಿ ಪರದೆಯಲ್ಲಿ ಕತ್ತರಿಸಿ ಹೋಗಿದ್ದರೂ ಗೊತ್ತಾಗುವುದಿಲ್ಲ. ಹದಿನಾರು ಇದ್ದೇ ಇರಬೇಕು ಅಂತಿದ್ದರೆ ಎಣಿಸಿ ನೋಡಬಹುದು.

ಇನ್ನು ಜಾಗದ ಲೆಕ್ಕ. ಹಳೆಯ ಪಠ್ಯ ಪರದೆಯಲ್ಲಿ 80 ಕಾಲಂ, 25 ಸಾಲು. ಊಪ್ಸ್ ಉದ್ದವಾದರೆ ಮೇಲಿನ ಸಾಲುಗಳು ಸರಿದು ಮಾಯ. ಎಷ್ಟೋ ಸಲ ಮುಖ್ಯ ಸುಳಿವು ಇರುವುದೇ ಅಲ್ಲಿ. ಇಂಟೆಲ್, ಎಎಮ್‌ಡಿ ಯಂತ್ರಗಳಲ್ಲಿ ‘ಆರ್‌ಎಎಕ್ಸ್’ ತರದ ರಿಜಿಸ್ಟರ್ ಹೆಸರು (ಇಂಗ್ಲಿಷಿನಲ್ಲಿ ಮೂರು ಅಕ್ಷರ), ಕೋಲನ್, ಒಂದು ತೆರಪು, 16 ಅಂಕಿ ಸೇರಿ 21 ಕಾಲಂ. ಮೂರು ಇಟ್ಟರೆ ನಡುವಿನ ತೆರಪೂ ಸೇರಿ 65. ನಾಲ್ಕು ಇಟ್ಟರೆ 87, ಹಿಡಿಸುವುದಿಲ್ಲ. ಹಾಗಾಗಿ ಸಾಲಿಗೆ ಮೂರು. ಪವರ್‌ಪಿಸಿ ಅನ್ನುವ ಇನ್ನೊಂದು ಬಗೆಯ ಪ್ರೊಸೆಸರ್‌ನವರು ಸ್ವಲ್ಪ ಚಾಲಾಕಿ. ಪ್ರತಿ ರಿಜಿಸ್ಟರ್‌ಗೆ ಹೆಸರು ಬರೆಯದೆ ಸಾಲಿನ ಶುರುವಿನಲ್ಲಿ ಒಂದೇ ಸಲ ಬರೆದು, 64 ಬಿಟ್‌ನಲ್ಲೂ ನಾಲ್ಕು ಕೂರಿಸಿದ್ದಾರೆ. ಆದರೆ ಬೇಕಾದ ರಿಜಿಸ್ಟರ್ ಯಾವುದು ಅಂತ ಬೆರಳಿಟ್ಟು ಎಣಿಸಬೇಕು. ನನಗೇನೋ ಸಾಲಿಗೆ ಮೂರೇ ಹಿತ.

ಹೆಕ್ಸ್ ಅನ್ನಲು ಮುಂದೆ ಹಾಕುವ ‘0ಎಕ್ಸ್’ ಗುರುತನ್ನು ಈ ರಿಜಿಸ್ಟರ್‌ಗಳ ಮುಂದೆ ಹಾಕುವುದಿಲ್ಲ. ಇಲ್ಲಿ ಎಲ್ಲವೂ ಹೆಕ್ಸ್ ಅಂತ ಓದುವವರಿಗೆ ಗೊತ್ತು. ಅದೇ ಊಪ್ಸ್‌ನಲ್ಲಿ ಫಂಕ್ಷನ್ ಒಳಗೆ ಎಷ್ಟು ಬೈಟ್ ದೂರ ಅಂತ ಹೇಳುವ ಕಡೆ ಹಾಕುತ್ತಾರೆ. ಅಲ್ಲಿ ಬರೀ 20 ಅಂತಿದ್ದರೆ ಇಪ್ಪತ್ತೋ ಮೂವತ್ತೆರಡೋ ತಿಳಿಯುವುದಿಲ್ಲ.

2018ರ ಜನವರಿಯಲ್ಲಿ ಬಂದ 4.15 ಆವೃತ್ತಿಯಿಂದ ಕರ್ನಲ್ ಪಾಯಿಂಟರ್‌ಗಳನ್ನು ಮಾಮೂಲಿಯಾಗಿ ಮುದ್ರಿಸುವಾಗ ನಿಜವಾದ ವಿಳಾಸ ಮರೆಮಾಡುತ್ತದೆ, ದಾಳಿಕೋರರಿಗೆ ಸುಳಿವು ಸಿಗಬಾರದಲ್ವಾ. ಊಪ್ಸ್‌ನ ರಿಜಿಸ್ಟರ್‌ಗಳು ಮಾತ್ರ ಇದ್ದದ್ದು ಇದ್ದ ಹಾಗೇ ಬರುತ್ತವೆ. ಅವನ್ನೂ ಕಲಸಿಬಿಟ್ಟರೆ ವರದಿ ಇದ್ದೂ ಇಲ್ಲದಂತೆ.

ಪರದೆಯ ಫೋಟೊ ಹೊಡೆದು ಕಳಿಸುವವರ ಕಷ್ಟ ಈಗ ಕಡಿಮೆಯಾಗುತ್ತಿದೆ. 2024ರ 6.12 ಆವೃತ್ತಿಯಲ್ಲಿ, ಆ ಸೌಲಭ್ಯ ಹಾಕಿಕೊಂಡಿದ್ದರೆ, ಪೂರ್ತಿ ಕುಸಿದ ಕರ್ನಲ್ ತನ್ನ ಕೊನೆಯ ಮಾತುಗಳನ್ನು ಕ್ಯೂಆರ್ ಕೋಡ್ ಮಾಡಿ ತೋರಿಸಬಲ್ಲದು. ಅದನ್ನು ಬಿಚ್ಚಿ ನೋಡಿ. ಅದೇ ಹದಿನಾರು ಅಂಕಿ, ಅವೇ ಸೊನ್ನೆಗಳು.