ತೀರ್ಪು ಬರೆದಿಟ್ಟು ಕೇಳುವ ಪ್ರಶ್ನೆ

ಮೆಕ್ಕೆಜೋಳದ ಕಾಲದಲ್ಲಿ ದಾವಣಗೆರೆ ಎಪಿಎಂಸಿ ಯಾರ್ಡಿಗೆ ಹೋದರೆ ಕಾಳು ಕಡಿದು ನೋಡಿ ‘ಹಸಿ ಐತಿ’ ಅನ್ನುವ ವರ್ತಕರು ಸಿಗುತ್ತಾರೆ. ರೈತ ಒಪ್ಪದಿದ್ದರೆ ತೇವಾಂಶ ನೋಡುವ ಮಿಷನ್ ಇದೆ. ಶೇ 14 ದಾಟಿದೆಯೋ ಇಲ್ಲವೋ ಅದು ಹೇಳುತ್ತದೆ. ಮನುಷ್ಯರನ್ನು ಅಳೆಯಲು ಅಂಥ ಮಿಷನ್ ಇಲ್ಲ. ಸಾಲದ್ದಕ್ಕೆ, ಜೋಳ ‘ಹಸಿ’ ಅಂದ ಮಾತ್ರಕ್ಕೆ ಹಸಿಯಾಗುವುದಿಲ್ಲ. ಮನುಷ್ಯ ಮಾತ್ರ ನಾವು ಅಂದುಕೊಂಡ ಹಾಗೆ ಆಗಿಬಿಡುವುದುಂಟು.

ಮಂಡಿಪೇಟೆಯಲ್ಲಿ ಅಂಗಡಿ ಇಟ್ಟ ಅಪ್ಪ, ಪಿಯು ಓದುವ ಮಗ ಎಂದುಕೊಳ್ಳಿ. ಮಗ ಕಾಲೇಜಿನಿಂದ ಬಂದವನೇ ಬಾಗಿಲು ಹಾಕಿಕೊಳ್ಳುತ್ತಾನೆ. ‘ಇವ್ನು ಓದ್ತಿಲ್ಲ, ದಾರಿ ತಪ್ಪಾನೆ’ ಎಂದು ಅಪ್ಪನ ಮನಸ್ಸು ನಿರ್ಧರಿಸುತ್ತದೆ. ರಾತ್ರಿ ಊಟಕ್ಕೆ ಕೂತಾಗ ಮೊದಲ ಮಾತೇ ‘ಮತ್ತೆ ಮೊಬೈಲೇನೋ?’ ಮಗ ‘ಇಲ್ಲ’ ಅಂದು ತಟ್ಟೆ ನೋಡುತ್ತಾನೆ, ಬೇಗ ಏಳುತ್ತಾನೆ. ಅಪ್ಪನಿಗೆ ಪುರಾವೆ ಸಿಕ್ಕಿತು. ಆ ಪುರಾವೆಯಲ್ಲಿ ಅರ್ಧ ಅವರೇ ತಯಾರಿಸಿದ್ದು ಎಂಬುದು ಅವರಿಗೆ ಕಾಣುವುದಿಲ್ಲ, ಏಕೆಂದರೆ ನಮ್ಮ ದನಿ, ನಮ್ಮ ಮುಖ ನಮಗೆ ಎದುರಾಗಿರುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ಕ್ ಸ್ನೈಡರ್ ಮತ್ತು ಸಂಗಡಿಗರು 1977ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಹುಡುಗರಿಗೆ ಒಂದು ಫೋಟೊ ಕೊಟ್ಟು, ಫೋನಿನಲ್ಲಿ ಮಾತಾಡುವವಳು ಇವಳೇ ಎಂದರು. ಫೋಟೊ ಬೇರೆ ಯಾರದ್ದೋ: ಕೆಲವರಿಗೆ ಸುಂದರಿಯದ್ದು, ಕೆಲವರಿಗೆ ಅಷ್ಟೇನೂ ಸುಂದರಿಯಲ್ಲದವಳದ್ದು. ಸುಂದರಿ ಎಂದು ನಂಬಿದವರು ಆತ್ಮೀಯವಾಗಿ ಮಾತಾಡಿದರು. ಫೋಟೊ ವಿಷಯವೇ ಗೊತ್ತಿಲ್ಲದ ಆ ಕಡೆಯ ಹುಡುಗಿಯ ದನಿಯೂ ಹೆಚ್ಚು ಸ್ನೇಹದಿಂದ ಕೂಡಿತ್ತು. ಅವಳ ಮಾತಿನ ಧ್ವನಿಮುದ್ರಿಕೆಯನ್ನಷ್ಟೇ ಕೇಳಿದ ಮೂರನೆಯವರಿಗೂ ಆ ವ್ಯತ್ಯಾಸ ತಿಳಿಯಿತು.

ಇದಕ್ಕೆ ಇನ್ನೊಂದು ಚಾಳಿ ಜೊತೆಯಾಗುತ್ತದೆ. ನಾನು ತಡವಾಗಿ ಬಂದರೆ ಪಿ.ಬಿ. ರಸ್ತೆಯ ಟ್ರಾಫಿಕ್ ಕಾರಣ. ಅವನು ತಡವಾಗಿ ಬಂದರೆ ಅವನ ಸ್ವಭಾವ ಕಾರಣ. ಇದರ ಬಗ್ಗೆ ಹೆಚ್ಚು ವಿವರಿಸಬೇಕಿಲ್ಲ, ಎಲ್ಲರ ಮನೆಯಲ್ಲೂ ಇದೆ.

ನಮ್ಮ ತೀರ್ಮಾನ ಸರಿಯೇ ಎಂದು ಪರೀಕ್ಷಿಸಲು ಒಂದು ನೋಟ್‌ಬುಕ್ ಸಾಕು. ಹಾಳೆಯಲ್ಲಿ ನಾಲ್ಕು ಕಾಲಂ ಮಾಡಿ. ಮೊದಲನೆಯದರಲ್ಲಿ ಕಂಡದ್ದು, ಕೇಳಿದ್ದು ಮಾತ್ರ: ಸಿಸಿ ಟಿವಿಯಲ್ಲಿ ದಾಖಲಾಗುವಂಥದ್ದು. ‘ಆರು ಗಂಟೆಗೆ ಬಂದ, ಬಾಗಿಲು ಹಾಕಿದ’ ಸರಿ. ‘ಉಡಾಫೆ ಮಾಡಿದ’ ಅನ್ನುವುದು ಎರಡನೇ ಕಾಲಂಗೆ ಸೇರಬೇಕು. ಅಲ್ಲಿ ನಿಮ್ಮ ತೀರ್ಮಾನವನ್ನೂ, ಅದನ್ನು ನೂರಕ್ಕೆ ಎಷ್ಟು ನಂಬುತ್ತೀರಿ ಎಂಬ ಅಂಕವನ್ನೂ ಬರೆಯಿರಿ. ಹೆಚ್ಚಿನವರು ಎಡವುವುದು ಇಲ್ಲೇ: ತೀರ್ಮಾನವನ್ನು ಕಂಡದ್ದೆಂದು ಮೊದಲ ಕಾಲಂಗೆ ತುಂಬುತ್ತಾರೆ. ಹಾಗಾದರೆ ಮುಂದಿನ ಕೆಲಸವೆಲ್ಲ ದಂಡ.

ಮೂರನೆಯದರಲ್ಲಿ ಬೇರೆ ಕಾರಣಗಳು, ಕನಿಷ್ಠ ಮೂರು. ಒಂದು ಅವನ ಪರಿಸ್ಥಿತಿಯದ್ದು (ಟೆಸ್ಟಿನಲ್ಲಿ ಅಂಕ ಕಡಿಮೆ ಬಂದಿರಬಹುದು), ಒಂದು ಕಡ್ಡಾಯವಾಗಿ ನಿಮ್ಮ ನಡವಳಿಕೆಯದ್ದು. ಈ ಎರಡನೆಯದನ್ನು ಬರೆಯಲು ಪೆನ್ನು ಮುಂದೆ ಹೋಗುವುದಿಲ್ಲ, ಹೋಗದಿದ್ದರೂ ಬಿಡಬೇಡಿ.

ನಾಲ್ಕನೆಯದೇ ಮುಖ್ಯ: ನನ್ನ ತೀರ್ಮಾನ ತಪ್ಪಾಗಿದ್ದರೆ ಮುಂದಿನ ಎರಡು ವಾರದಲ್ಲಿ ಏನು ಕಾಣಬೇಕು? ಇದನ್ನು ಮೊದಲೇ ಬರೆದಿಡಬೇಕು. ಏಕೆಂದರೆ ನಾವು ‘ಹೌದು’ ಎನ್ನುವುದನ್ನೇ ಹುಡುಕುವವರು. 1960ರಲ್ಲಿ ಮನಶ್ಶಾಸ್ತ್ರಜ್ಞ ಪೀಟರ್ ವೇಸನ್ 2, 4, 6 ಎಂಬ ಅಂಕಿಗಳನ್ನು ಕೊಟ್ಟು, ಇದರ ಹಿಂದಿನ ನಿಯಮ ಕಂಡುಹಿಡಿಯಲು ಹೇಳಿದರು. ಬೇರೆ ಮೂರು ಅಂಕಿ ಹೇಳಿ, ಅವು ನಿಯಮಕ್ಕೆ ಹೊಂದುತ್ತವೆಯೇ ಎಂದು ಕೇಳಬಹುದಿತ್ತು. ಹೆಚ್ಚಿನವರು 8, 10, 12ರಂಥವನ್ನೇ ಕೇಳಿ, ‘ಎರಡೆರಡು ಹೆಚ್ಚುತ್ತದೆ’ ಎಂಬಂಥ ಉತ್ತರಕ್ಕೆ ಬಂದರು. ನಿಯಮ ಇದ್ದದ್ದು ‘ಏರುವ ಯಾವುದೇ ಮೂರು ಅಂಕಿ’ ಅಂತ ಅಷ್ಟೆ. 1, 2, 50 ಕೇಳಿದ್ದರೆ ತಿಳಿಯುತ್ತಿತ್ತು.

ಆ ಎರಡು ವಾರ ನಿಮ್ಮ ಕಡೆಯಿಂದ ಒಂದೇ ಒಂದು ಬದಲಾವಣೆ ಸಾಕು. ‘ಯಾಕೆ ಬಾಗಿಲು ಹಾಕಿದ್ದಿ?’ ಬದಲು ‘ಇವತ್ತು ಕಾಲೇಜಲ್ಲಿ ಏನೇನಾತಪ್ಪ?’ ಎಂದು ಕೇಳಿ, ಉತ್ತರ ಮುಗಿಯುವವರೆಗೆ ಸುಮ್ಮನಿರಿ. ‘ಯಾಕೆ’ ಅಂದ ಕೂಡಲೇ ಎದುರಿನವರು ಸಮಜಾಯಿಷಿಗೆ ಇಳಿಯುತ್ತಾರೆ. ನೆಂಟರ ಎದುರು ಕೇಳಬೇಡಿ, ಹಸಿದಾಗ ಕೇಳಬೇಡಿ. ಮೊದಲ ನಾಲ್ಕೈದು ದಿನ ಮಗನೂ ಅನುಮಾನದಿಂದಲೇ ನೋಡುತ್ತಾನೆ. ಅವನಿಗೂ ನಿಮ್ಮ ಬಗ್ಗೆ ತೀರ್ಮಾನಗಳಿವೆಯಲ್ಲ. ‘ಮಾಡಿ ನೋಡಿದೆ, ಪ್ರಯೋಜನ ಇಲ್ಲ’ ಎಂದು ಬಿಡುವವರು ಸಾಮಾನ್ಯವಾಗಿ ಈ ಹಂತದಲ್ಲೇ ಬಿಡುತ್ತಾರೆ.

ಕೊನೆಗೆ ಅಂಕ ಮತ್ತೆ ಹಾಕಿ. 90 ಇದ್ದದ್ದು 60 ಆದರೆ ಸಾಕು, ಸೊನ್ನೆ ಬೇಕಿಲ್ಲ. ಒಮ್ಮೊಮ್ಮೆ ಅದು 90ರಲ್ಲೇ ನಿಲ್ಲುತ್ತದೆ, ಹುಡುಗ ನಿಜಕ್ಕೂ ಓದುತ್ತಿರುವುದಿಲ್ಲ. ಆಗಲೂ ಸ್ವಭಾವದ ಮಾತು ಬೇಡ. ಮೊದಲ ಕಾಲಂನ ನಡವಳಿಕೆಯ ಬಗ್ಗೆಯೇ ಮಾತಾಡಿ.

ಕೆಲವು ಕಡೆ ಈ ನೋಟ್‌ಬುಕ್ ತೆರೆಯಲೇಬಾರದು. ಹೊಡೆತ ತಿನ್ನುವ ಹೆಣ್ಣುಮಗಳಿಗೆ ‘ಬೇರೆ ಕಾರಣ ಯೋಚಿಸಮ್ಮಾ’ ಎನ್ನುವುದು ಕ್ರೌರ್ಯ. ಅಲ್ಲಿ ಬೇಕಾದದ್ದು ಮಹಿಳಾ ಸಹಾಯವಾಣಿ 181. ಮಗ ಊಟ, ನಿದ್ದೆ ಬಿಟ್ಟಿದ್ದರೆ, ಸಾವಿನ ಮಾತಾಡುತ್ತಿದ್ದರೆ ಎರಡು ವಾರ ಕಾಯುವಂತಿಲ್ಲ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಅವತ್ತೇ ಕರೆ ಮಾಡಿ, ಅವನನ್ನು ಒಂಟಿಯಾಗಿ ಬಿಡದೆ ವೈದ್ಯರ ಬಳಿ ಕರೆದೊಯ್ಯಿರಿ.